ಬಾಬಿನ್ನಿನ ಜೀವನಾಂಶ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಮಿಷನಕ್ಕ ಎಂದೇ ಕರೆಯುತ್ತಿದ್ದರು. ಅವಳ ಕಿವಿಯ ಬಗ್ಗೆ ಓಡಾಡುತ್ತಿದ್ದ ಕಥೆಗಳಲ್ಲಿ ಅರ್ಧ ನಿಜ. ಉಳಿದರ್ಧ ಅದಕ್ಕಿಂತಲೂ ನಿಜ. ಮೂರು ಬೀದಿಯಾಚೆ ಯಾವನೋ ದರ್ಜಿ ಪೆಡಲ್ ತುಳಿದರೆ, ಇಲ್ಲಿ ಊಟಕ್ಕೆ ಕೂತವಳು ಕೈ ನಿಲ್ಲಿಸಿ, "ಶಟಲ್ ಸವೆದಿದೆ, ನಾಳೆ ಬರ್ತಾನೆ ನೋಡು" ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ದರ್ಜಿ ಯಂತ್ರ ಹೊತ್ತು ಬಾಗಿಲಲ್ಲಿ ನಿಂತಿರುತ್ತಿದ್ದ. ಒಮ್ಮೆ ಒಬ್ಬ ಯಂತ್ರ ತರುವುದನ್ನೇ ಮರೆತು ಬಂದಿದ್ದನಂತೆ; ಅವನ ಬೂಟಿನ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆ ಎಂದು ಹೇಳಿ ಕಳಿಸಿದಳಂತೆ.

ಅಂಗಡಿ ಅವಳ ಅಪ್ಪನದು. ಅದರ ಅಗಲ ಎಷ್ಟೆಂದರೆ, ಒಳಗಿದ್ದವರು ಸೀನಬೇಕಾದರೆ ಹೊರಗಿದ್ದವರ ಅನುಮತಿ ಕೇಳಬೇಕು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಬೆಲ್ಟುಗಳು, ತಗಡಿನ ಡಬ್ಬಗಳಲ್ಲಿ ಸ್ಕ್ರೂಗಳು, ಮೂತಿ ಉದ್ದದ ಎಣ್ಣೆ ಡಬ್ಬಿ, ಕಿಟಕಿಯ ಪಕ್ಕ ಕಾಲು ಕುಂಟುವ ಒಂದು ಮೇಜು. ಹಿಂದೆ ಒಂದು ಪರದೆ. ಪರದೆಯಾಚೆ ಒಂದು ಕೋಣೆ. ಅದೇ ಅಡುಗೆಮನೆ, ಅದೇ ಮಲಗುವ ಮನೆ, ಮಳೆ ಬಂದರೆ ಅದೇ ಬಚ್ಚಲು.

ಅಪ್ಪ ಅವಳಿಗೆ ಅಂಗಡಿಯ ಜೊತೆ ಒಂದು ಕ್ರಮವನ್ನೂ ಬಿಟ್ಟುಹೋಗಿದ್ದ. ಯಂತ್ರ ದಾರ ಕಡಿಯುತ್ತದೆ ಎಂದು ಯಾರಾದರೂ ತಂದರೆ, ಸೂಜಿಯ ಹತ್ತಿರ ಕೈ ಹಾಕಬಾರದು. ದಾರದ ಉಂಡೆಯಿಂದ ಹೊರಡಬೇಕು. ಅಲ್ಲಿಂದ ಒಂದೊಂದೇ ಕೊಕ್ಕೆ, ಒಂದೊಂದೇ ತಿರುವು ಬೆರಳಿನಲ್ಲಿ ಮುಟ್ಟಿಕೊಂಡು, ಒಂದನ್ನೂ ಹಾರಿಸದೆ ಸೂಜಿಯ ಕಣ್ಣಿನವರೆಗೆ ಬರಬೇಕು. ದಾರ ಕಡಿಯುವುದು ಒಂದು ಕಡೆ, ತಪ್ಪು ಇರುವುದು ಇನ್ನೊಂದು ಕಡೆ. ಈ ಕ್ರಮದಿಂದ ಗಿರಾಕಿಗಳ ತಾಳ್ಮೆ ಕಡಿಯುತ್ತಿತ್ತೇ ಹೊರತು ದಾರ ಮತ್ತೆ ಕಡಿಯುತ್ತಿರಲಿಲ್ಲ.

ಅವಳಿಗೊಬ್ಬಳು ಮಗಳು, ಐದು ವರ್ಷದವಳು. ಎಚ್ಚರವಿರುವಷ್ಟು ಹೊತ್ತೂ ಗಿರಗಿರನೆ ತಿರುಗುತ್ತಿದ್ದುದರಿಂದ, ಯಂತ್ರದೊಳಗೆ ತಿರುಗುವ ದಾರದ ಸುರುಳಿಯ ಹೆಸರೇ, ಬಾಬಿನ್ ಎಂದು, ಬಿದ್ದಿತ್ತು. ಅವಳನ್ನು ಒಂದು ಕಡೆ ಕೂರಿಸಿ ತಲೆ ಬಾಚುವುದಕ್ಕಿಂತ ಓಡುವ ಬಸ್ಸಿನ ಚಕ್ರ ಬದಲಾಯಿಸುವುದು ಸುಲಭ ಎಂದು ಮಿಷನಕ್ಕ ಹೇಳುತ್ತಿದ್ದಳು.

ಮತ್ತೆ ಗಂಡ? ಇದ್ದ. ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಯಾರು ಏನು ಕೇಳಿದರೂ ಮೊದಲು ಬಾಯಿಂದ ಬರುತ್ತಿದ್ದುದು "ಗ್ಯಾರಂಟಿ" ಎಂಬ ಮಾತು. ಅದೇ ಅವನ ಅಡ್ಡಹೆಸರಾಯಿತು. ಇವನ ಮಾತು ಕೇಳುತ್ತಾ ನಿಂತಲ್ಲೇ ನಿದ್ದೆ ಹೋದ ಗಿರಾಕಿಗಳುಂಟು; ಎದ್ದಮೇಲೆ ಹಾಸಿಗೆ ಎಷ್ಟು ಚೆನ್ನಾಗಿದೆ ಎಂದು ಹೊಗಳಿ ದುಡ್ಡು ಕೊಟ್ಟು ಹೋದವರೂ ಉಂಟು. ಮಿಷನಕ್ಕನನ್ನು ಮದುವೆಯಾಗುವಾಗಲೂ ಜೀವಮಾನದ ಗ್ಯಾರಂಟಿ ಕೊಟ್ಟಿದ್ದ. ಎರಡು ವರ್ಷ ನಾಲ್ಕು ತಿಂಗಳು ನಡೆಯಿತು. ಆಮೇಲೆ ಊರಿನ ಆ ತುದಿಯ ದೊಡ್ಡ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಮನೆ ನೋಡಿ ಕರೆಸಿಕೊಳ್ಳುತ್ತೇನೆ ಎಂದು ಹೋದವನು ಮನೆ ನೋಡಿದ, ಕರೆಸಿಕೊಳ್ಳಲಿಲ್ಲ.

ಅವನು ಹೋದ ಹತ್ತನೇ ದಿನಕ್ಕೆ ತಾನು ಬಸುರಿ ಎಂದು ಇವಳಿಗೆ ಗೊತ್ತಾಯಿತು. ಫೋನ್ ಮಾಡಿದಳು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಮಾತಿನ ವ್ಯಾಪಾರಿಯೊಬ್ಬ ಮಾತು ಬಿಟ್ಟು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ಆಗಲೇ ತಿಳಿಯಿತು. ಕೊನೆಗೆ ಅಂದ, "ಯಾರದ್ದೋ?"

ಅವಳು ಫೋನ್ ಇಟ್ಟಳು. ಐದು ವರ್ಷ ಮತ್ತೆ ಎತ್ತಲಿಲ್ಲ.

ಆ ಐದು ವರ್ಷವೂ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳಬಾರದೆಂಬ ಹಟ ಅವಳ ಮೈಯಲ್ಲಿ ಮೂಳೆಗಳಿಗಿಂತ ಎರಡು ಹೆಚ್ಚೇ ಇತ್ತು. ಆದರೆ ಬಾಬಿನ್ನಳನ್ನು ಶಾಲೆಗೆ ಸೇರಿಸಲು ಹೋದ ದಿನ, ಅಲ್ಲಿನ ಕಚೇರಿಯ ಹೆಂಗಸು ಅರ್ಜಿಯಿಂದ ತಲೆಯೆತ್ತದೆ ಒಂದು ಮಾತು ಕೇಳಿದಳು.

"ನಿಮಗೇನಾದ್ರೂ ಆದ್ರೆ ಮಗುವಿಗೆ ಯಾರು?"

"ನನಗೇನಾಗತ್ತೆ?"

"ಏನೂ ಆಗೋದು ಬೇಡಮ್ಮ. ಇಲ್ಲೊಂದು ಸಾಲಿದೆ, ತುಂಬಬೇಕು."

ಆ ಸಾಲಿನಲ್ಲಿ ಬರೆಯಲು ಮಿಷನಕ್ಕನ ಹತ್ತಿರ ಹೆಸರಿರಲಿಲ್ಲ. ಮೂರು ಬೀದಿಯಾಚೆಯ ಸ್ಕ್ರೂ ಕೇಳಿಸುವ ಕಿವಿಗೆ ಆ ಪ್ರಶ್ನೆ ಐದು ವರ್ಷ ಕೇಳಿಸಿರಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅಲ್ಲಿಂದ ಮನೆಗೆ ಹೋಗಲಿಲ್ಲ. ಮಗಳ ಕೈ ಹಿಡಿದುಕೊಂಡು ನೇರ ವಕೀಲರ ಮೆಟ್ಟಿಲು ಹತ್ತಿದಳು.

ವಕೀಲರು ವಯಸ್ಸಾದವರು. ಅವರ ಕೋಣೆಯಲ್ಲಿ ಕಡತಗಳು ಎಷ್ಟಿದ್ದವೆಂದರೆ, ಒಳಗೆ ಬಂದ ಕಕ್ಷಿದಾರರಲ್ಲಿ ಇಬ್ಬರು ಇನ್ನೂ ಹೊರಗೆ ಬಂದಿಲ್ಲವೆಂದು ಜನ ಹೇಳುತ್ತಿದ್ದರು. ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು.

"ಮದುವೆ ಊರ್ಜಿತ ಇರುವಾಗಲೇ ಮಗು ಹುಟ್ಟಿದೆ ತಾನೆ?"

"ಹೌದು. ಈಗಲೂ ಮದುವೆ ಮುರಿದಿಲ್ಲ. ಅವರು ಹೋದ್ರು, ಅಷ್ಟೆ."

"ಹಾಗಾದ್ರೆ ಮಗು ಅವನದೇ ಅಂತ ಕಾನೂನು ಇಟ್ಕೊಳ್ಳತ್ತೆ. ನಂದಲ್ಲ ಅಂತ ಸಾಬೀತು ಮಾಡೋ ಭಾರ ಅವನ ತಲೆ ಮೇಲೆ. ನಿನ್ನ ತಲೆ ಮೇಲಲ್ಲ."

"ಅಷ್ಟು ಸುಲಭನಾ?"

"ಕಾಗದದ ಮೇಲೆ ಎಲ್ಲಾನೂ ಸುಲಭಾನೇ ತಾಯಿ" ಎಂದು ವಕೀಲರು ಕಾಗದ ಎಳೆದುಕೊಂಡರು.

ನ್ಯಾಯಾಲಯದಲ್ಲಿ ಗ್ಯಾರಂಟಿ ಹೊಸ ಶರ್ಟು ಹಾಕಿಕೊಂಡು ಬಂದಿದ್ದ. ನ್ಯಾಯಾಧೀಶೆಯ ಮುಂದೆ ಅವನು ಮಾಡಿದ ಭಾಷಣದಲ್ಲಿ ಹಾಸಿಗೆಯೊಂದನ್ನು ಬಿಟ್ಟು ಎಲ್ಲವೂ ಇತ್ತು. ತಾನು ಮನೆ ಬಿಟ್ಟ ತಾರೀಖು ಹೇಳಿದ, ಮಗು ಹುಟ್ಟಿದ ತಾರೀಖು ಹೇಳಿದ, ನಡುವೆ ಬೆರಳು ಮಡಚಿ ಎಣಿಸಿದ. ಮಗು ಹನ್ನೆರಡು ದಿನ ತಡವಾಗಿ ಹುಟ್ಟಿದ್ದೇ ಅವನಿಗೆ ಬಂಡವಾಳ. ಆ ಹನ್ನೆರಡು ದಿನವನ್ನು ಎಳೆದೂ ಎಳೆದೂ, ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮಗು ಆನೆಯ ಹೊಟ್ಟೆಯಲ್ಲಿತ್ತೆಂದು ಹೇಳುತ್ತಿದ್ದನೇನೋ.

"ಆಯ್ತು" ಎಂದರು ನ್ಯಾಯಾಧೀಶೆ. "ನಿಮಗೆ ಅನುಮಾನ. ಆದರೆ ಮಗುವಿಗೆ ಹಸಿವು ಅನುಮಾನ ತೀರೋವರೆಗೆ ಕಾಯಲ್ಲ. ತೀರ್ಪು ಬರೋವರೆಗೆ ತಿಂಗಳು ತಿಂಗಳು ಕೊಡ್ತಾ ಇರಿ."

"ಅನ್ಯಾಯ ಮೇಡಂ! ಯಾರದೋ ಮಗುವಿಗೆ ನಾನ್ಯಾಕೆ? ರಕ್ತಪರೀಕ್ಷೆ ಮಾಡಿಸಿ. ನಂದಲ್ಲ, ಗ್ಯಾರಂಟಿ."

ನ್ಯಾಯಾಧೀಶೆ ಮಿಷನಕ್ಕನ ಕಡೆ ತಿರುಗಿದರು. "ನೀವೇನಂತೀರಿ? ಒಪ್ಪಲೇಬೇಕು ಅಂತಿಲ್ಲ."

ವಕೀಲರು ಅವಳ ಸೆರಗು ಹಿಡಿದೆಳೆಯುವುದೊಂದು ಬಾಕಿ. ಕಾನೂನು ತಮ್ಮ ಕಡೆಗೇ ಇರುವಾಗ ಪರೀಕ್ಷೆಯ ತಂಟೆ ಯಾಕೆ ಎಂಬುದು ಅವರ ವಾದ. ಆದರೆ ಅವಳು ಆಗಲೇ ಎದ್ದಾಗಿತ್ತು.

"ಮಾಡಿಸಿ ಅಮ್ಮಾ. ನಾಳೆ ನನ್ನ ಮಗಳ ಮುಂದೆ ಯಾರೂ ಬೆರಳು ಮಡಚಿ ಎಣಿಸಬಾರದು."

ಪರೀಕ್ಷೆಯ ದಿನ ತಾಯಿ ಮಗಳನ್ನು ಬೆಳಿಗ್ಗೆ ಹತ್ತಕ್ಕೆ ಕರೆದರು, ಗ್ಯಾರಂಟಿಯನ್ನು ಮಧ್ಯಾಹ್ನ ಮೂರಕ್ಕೆ. ಎದುರುಬದುರಾದರೆ ಜಗಳವಾದೀತು, ಮಗು ಹೆದರೀತು ಎಂದು ಅವನ ವಕೀಲರೇ ಕೇಳಿಕೊಂಡಿದ್ದರು. ಎಂಥ ಒಳ್ಳೆ ಮನಸ್ಸು ಎಂದು ಎಲ್ಲರಿಗೂ ಅನ್ನಿಸಿತು. ಬಾಬಿನ್ ಸೂಜಿ ಚುಚ್ಚಿಸಿಕೊಂಡು ಅಳಲಿಲ್ಲ. ಇದು ಎಷ್ಟನೇ ನಂಬರಿನ ಸೂಜಿ ಎಂದು ಕೇಳಿ ಅಲ್ಲಿದ್ದವರ ಬಾಯಿ ಮುಚ್ಚಿಸಿದಳು.

ಆರು ವಾರಕ್ಕೆ ವರದಿ ಬಂತು. ನ್ಯಾಯಾಲಯದಲ್ಲಿ ಓದಿದರು. ಎದುರುದಾರನು ಈ ಮಗುವಿನ ತಂದೆಯಲ್ಲ.

ಮಿಷನಕ್ಕನಿಗೆ ಕಿವಿ ಕೇಳಿಸದೆ ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ. ಸುತ್ತ ಜನರ ತುಟಿಗಳು ಅಲುಗಾಡುತ್ತಿದ್ದವು, ಸದ್ದಿರಲಿಲ್ಲ. ಸದ್ದು ಮರಳಿದಾಗ ಓದುವವನು ಎರಡನೇ ಸಾಲಿಗೆ ಬಂದಿದ್ದ: ಆದರೂ ಇವರಿಬ್ಬರ ನಡುವೆ ಹತ್ತಿರದ ರಕ್ತಸಂಬಂಧ ಇರುವ ಸೂಚನೆ ಬಲವಾಗಿದೆ, ಎದುರುದಾರನ ಹತ್ತಿರದ ಗಂಡು ಸಂಬಂಧಿಗಳನ್ನೂ ಪರೀಕ್ಷಿಸುವುದು ಸೂಕ್ತ.

ಗ್ಯಾರಂಟಿ ಒಂದು ಗಳಿಗೆ ಬಾಯಿ ತೆರೆದುಕೊಂಡೇ ನಿಂತ. ಆ ಎರಡನೇ ಸಾಲು ಅವನಿಗೂ ಹೊಸದು. ಆದರೆ ಮಾರಾಟಗಾರ ಮಾರಾಟಗಾರನೇ. ಎರಡನೇ ಗಳಿಗೆಗೆ ಅವನು ಎದೆ ಹಿಡಿದುಕೊಂಡಿದ್ದ.

"ಹತ್ತಿರದ ಗಂಡು ಸಂಬಂಧಿ! ನನಗಿರೋನು ಒಬ್ಬನೇ ತಮ್ಮ! ಅಯ್ಯೋ, ಒಡಹುಟ್ಟಿದವನೇ ನನಗೆ ಹೀಗೆ ಮಾಡಿದನಲ್ಲಾ!"

ಅವನ ವಕೀಲರು ಅಳುವಿಗೆ ತಾಳ ಹಾಕಿದಂತೆ ಎದ್ದು, ಇನ್ನು ದುಡ್ಡು ಕೊಡುವುದು ನಿಲ್ಲಬೇಕು, ಈವರೆಗೆ ಕೊಟ್ಟಿದ್ದೂ ವಾಪಸು ಬರಬೇಕು ಎಂದರು. ವರದಿಗೆ ಆಕ್ಷೇಪವಿದ್ದರೆ ಹದಿನೈದು ದಿನದಲ್ಲಿ ಹೇಳಿ ಎಂದು ನ್ಯಾಯಾಧೀಶೆ ಮಿಷನಕ್ಕನ ಮುಖವನ್ನೇ ನೋಡಿದರು.

ಹೊರಗೆ ಬಂದಾಗ ವಕೀಲರ ದನಿ ತಗ್ಗಿತ್ತು. "ನೋಡು ತಾಯಿ, ನನ್ನ ಹತ್ತಿರ ಮುಚ್ಚಿಡಬೇಡ. ಮನುಷ್ಯರು ಅಂದಮೇಲೆ..."

"ಅವರೊಬ್ಬರನ್ನ ಬಿಟ್ಟು ನನಗೆ ಇನ್ನೊಬ್ಬ ಗಂಡಸಿನ ವಾಸನೆ ಗೊತ್ತಿಲ್ಲ" ಎಂದಳು ಮಿಷನಕ್ಕ. "ವರದಿ ತಪ್ಪು."

"ಅವರ ಯಂತ್ರ ತಪ್ಪು ಹೇಳಲ್ಲಮ್ಮ."

"ಯಂತ್ರ ತಪ್ಪು ಹೇಳತ್ತೆ ಅಂತ ನಾನು ಹೇಳಿದ್ನಾ? ಯಂತ್ರದ ಬಗ್ಗೆ ನನಗೆ ಹೇಳ್ಕೊಡ್ತೀರಾ? ಯಂತ್ರ ಯಾವತ್ತೂ ಕೊಟ್ಟಿದ್ದನ್ನೇ ಹೊಲಿಯೋದು. ಕೊಟ್ಟಿದ್ದೇನು ಅಂತ ನೋಡಬೇಕು."

ಅಂಗಡಿಗೆ ಬಂದು ಕುಂಟು ಮೇಜಿನ ಮುಂದೆ ಕೂತಳು. ದಾರದ ಉಂಡೆಯಿಂದ ಹೊರಟಳು. ತನ್ನ ರಕ್ತ ಕೊಟ್ಟಿದ್ದು ತಾನು; ಕಣ್ಣಾರೆ ನೋಡಿದ್ದಾಳೆ. ಮಗಳದು ಕೊಟ್ಟಿದ್ದು ಮಗಳು, ಕೈ ಹಿಡಿದುಕೊಂಡಿದ್ದಳು. ಮೂರನೇ ಕೊಕ್ಕೆಗೆ ಬೆರಳು ತಡೆಯಿತು. ಅವನು ಕೊಟ್ಟಿದ್ದನ್ನು ತಾನು ನೋಡಿಲ್ಲ. ಮಧ್ಯಾಹ್ನ ಮೂರು ಗಂಟೆ. ಅಷ್ಟು ಒಳ್ಳೆ ಮನಸ್ಸು ಅವನಿಗೆ ಯಾವಾಗ ಬಂತು?

ಬೆರಳು ಅಲ್ಲೇ ಇರುವಾಗ ಬಾಗಿಲಲ್ಲಿ ಬೆಳಕು ನಿಂತುಹೋಯಿತು. ನಿಂತಿದ್ದವಳು ಅವಳ ವಾರಗಿತ್ತಿ, ಗ್ಯಾರಂಟಿಯ ತಮ್ಮನ ಹೆಂಡತಿ. ಗಂಡ ಹೆಂಡತಿ ಇಬ್ಬರೂ ಎರಡು ಬೀದಿಯಾಚೆಯ ಬೇಕರಿಯಲ್ಲಿ ಕೆಲಸಕ್ಕಿದ್ದರು; ಅವನು ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದ, ಇವಳು ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಸುದ್ದಿ ನ್ಯಾಯಾಲಯದಿಂದ ಬೇಕರಿಗೆ ಮಿಷನಕ್ಕನಿಗಿಂತ ಮೊದಲೇ ನಡೆದು ಬಂದಿತ್ತು. ಬ್ರೆಡ್ಡು ಕೊಯ್ಯುವ ಚಾಕುವನ್ನು ಕೌಂಟರಿನಲ್ಲೇ ಬಿಟ್ಟುಬಂದದ್ದು ಅವಳ ದೊಡ್ಡತನ.

"ಏನಕ್ಕಾ, ಇಷ್ಟು ವರ್ಷ ನನ್ನ ಕೈಯಿಂದಲೇ ಬನ್ನು ತಗೊಂಡು ತಿಂದ್ರಲ್ಲ, ಗಂಟಲಲ್ಲಿ ಹೇಗೆ ಇಳೀತು?"

"ಕೂತ್ಕೋ."

"ಕೂತ್ಕೊಳ್ಳೋಕೆ ಬಂದಿಲ್ಲ!"

"ಹಾಗಾದ್ರೆ ನಿಂತೇ ಬೈಯಿ. ಆ ಮಿಷನ್ ಮೇಲೆ ಮಾತ್ರ ಕೈ ಊರಬೇಡ, ಈಗ ತಾನೇ ಎಣ್ಣೆ ಬಿಟ್ಟಿದೀನಿ."

ವಾರಗಿತ್ತಿ ಬೈದಳು. ಅವಳ ಬೈಗುಳಕ್ಕೆ ಗೋಡೆಯ ಮೇಲಿನ ಬೆಲ್ಟುಗಳೆಲ್ಲ ಒಂದೊಂದು ಬೆರಳು ಬಿಗಿಯಾದವು ಎಂದು ಎದುರಿನ ಚಪ್ಪಲಿ ಅಂಗಡಿಯವನು ಇವತ್ತಿಗೂ ಹೇಳುತ್ತಾನೆ. ಅವಳು ಉಸಿರು ತೆಗೆದುಕೊಳ್ಳಲು ನಿಂತ ಕಡೆ ಮಿಷನಕ್ಕ ಬಾಯಿ ಬಿಟ್ಟಳು.

"ನಿನ್ನ ಗಂಡನ ಜೊತೆ ನಾನೊಬ್ಬಳೇ ಇದ್ದದ್ದು ಒಂದೇ ಒಂದು ಸಲ. ದೊಡ್ಡ ಮಿಷನ್ ಒಂದನ್ನ ವ್ಯಾನಲ್ಲಿ ಹಾಕ್ಕೊಂಡು ಹೋಗಿದ್ವಿ. ದಾರಿಯುದ್ದಕ್ಕೂ ಗೇರ್ ಬಾಕ್ಸ್ ಬಗ್ಗೆ ಮಾತಾಡಿದ."

ವಾರಗಿತ್ತಿಯ ಕಣ್ಣು ಸಣ್ಣದಾಯಿತು. "ಬರೀ ಗೇರ್ ಬಾಕ್ಸ್ ಬಗ್ಗೆನಾ?"

"ವಾಪಸ್ ಬರುವಾಗ ಕ್ಲಚ್ ಬಗ್ಗೆ."

ವಾರಗಿತ್ತಿ ಸ್ಟೂಲಿನ ಮೇಲೆ ಕೂತಳು. ಇದು ತನ್ನ ಗಂಡನೇ, ಅನುಮಾನವಿಲ್ಲ. ಮದುವೆಯಾದ ಮೊದಲ ವಾರದಲ್ಲಿ ತನ್ನ ಜೊತೆಗೂ ಅವನು ಮಾತಾಡಿದ್ದು ಅದನ್ನೇ.

"ಹಾಗಾದ್ರೆ ಆ ವರದಿಯಲ್ಲಿ ಇವರ ರಕ್ತ ಹೇಗೆ ಬಂತಕ್ಕಾ?" ಎಂದಳು, ಈ ಸಲ ದನಿಯಲ್ಲಿ ಚಾಕು ಇರಲಿಲ್ಲ.

ಕೇಳಿದವಳಿಗೂ ತಾನು ಏನು ಕೇಳಿದೆನೆಂದು ಆಮೇಲೆ ಹೊಳೆಯಿತು.

ಮಿಷನಕ್ಕ ನಿಧಾನವಾಗಿ ಕೇಳಿದಳು, "ಹೋದ ತಿಂಗಳ ಮೊದಲ ಮಂಗಳವಾರ, ರಕ್ತ ತೆಗೆದ ದಿನ, ಮಧ್ಯಾಹ್ನ ನಿನ್ನ ಗಂಡ ಎಲ್ಲಿದ್ದ?"

"ಮಂಗಳವಾರ..." ವಾರಗಿತ್ತಿ ಹಣೆ ಒತ್ತಿಕೊಂಡಳು. "ಸಂಜೆ ಬ್ರೆಡ್ಡು ಯಾವ ಅಂಗಡಿಗೂ ಹೋಗಿರಲಿಲ್ಲ. ಎಲ್ಲರೂ ಬಂದು ನನ್ನನ್ನೇ ಬೈದ್ರು. ವ್ಯಾನ್ ಕೆಟ್ಟಿತ್ತು ಅಂದ್ರು ಇವರು. ತೋಳು ಮಡಚೋ ಜಾಗದಲ್ಲಿ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು. ಏನ್ರೀ ಅಂದ್ರೆ, ಟ್ರೇ ಮೂಲೆ ತಾಗ್ತು ಅಂದ್ರು." ಅವಳು ಎದ್ದಳು. "ಟ್ರೇ ಮೂಲೆ! ಹತ್ತು ವರ್ಷದಿಂದ ಟ್ರೇ ಹೊರ್ತಾ ಇದಾರೆ, ಮೊಳಕೈ ಒಳಗಡೆಗೆ ಟ್ರೇ ಹೇಗೆ ತಾಗತ್ತಕ್ಕಾ?"

"ಬಾ" ಎಂದು ಮಿಷನಕ್ಕ ಕೈ ಒರೆಸಿಕೊಂಡಳು.

ಬೇಕರಿಯ ಹಿಂಬದಿಯಲ್ಲಿ, ಹಿಟ್ಟಿನ ಚೀಲಗಳ ನಡುವೆ ಮೈದುನ ಸಿಕ್ಕಿದ. ನೋಡಲು ಅಣ್ಣನೂ ತಮ್ಮನೂ ಒಂದೇ ಅಚ್ಚಿನಲ್ಲಿ ಬೆಂದ ಎರಡು ಬ್ರೆಡ್ಡು. ಅಣ್ಣ ಚೂರು ಹೆಚ್ಚು ಉಬ್ಬಿದ್ದ, ಅಷ್ಟೆ. ಇಬ್ಬರು ಹೆಂಗಸರೂ ಒಟ್ಟಿಗೆ ಬರುವುದನ್ನು ಕಂಡು ಅವನು ಒಲೆಯ ಕಡೆ ನೋಡಿದ. ಅದರೊಳಗೆ ಜಾಗವಿದೆಯೇ ಎಂದು ನೋಡಿರಬೇಕು.

ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೋಡಿ, ನಿಮಗೆ ಎರಡೇ ದಾರಿ. ಒಂದು, ಬಾಬಿನ್ ನಿಮ್ಮ ಮಗು. ಇನ್ನೊಂದು, ನಿಮ್ಮಣ್ಣನ ಹೆಸರಲ್ಲಿ ನೀವು ಹೋಗಿ ರಕ್ತ ಕೊಟ್ಟಿದೀರಿ. ಯಾವುದು ಬೇಕೋ ಆರಿಸ್ಕೊಳ್ಳಿ. ಮೊದಲನೇದಾದ್ರೆ ಈಗಲೇ ಹೇಳಿ, ನಾನು ಬಟ್ಟೆ ಗಂಟು ಕಟ್ತೀನಿ."

"ಎರಡನೇದು! ಎರಡನೇದು ಮಾರಾಯ್ತಿ!" ಎಂದ ಅವನು, ಹರಾಜಿನಲ್ಲಿ ಕೂಗಿದಂತೆ.

ಆಮೇಲೆ ಮಾತು ತಾನಾಗಿ ಬಂತು. ಅಣ್ಣನಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ. ಬರೀ ಒಂದು ಹನಿ ರಕ್ತ, ಯಾರು ಕೊಟ್ಟರೇನು ಎಂದನಂತೆ. ಗುರುತಿನ ಚೀಟಿ ಅವನದೇ, ಮುಖ ಹೇಗೂ ಒಂದೇ ತರಹ, ಯಾರೂ ಕೇಳಲಿಲ್ಲ. ತನ್ನ ಸಹಿಯನ್ನೂ ಅಣ್ಣನೇ ಹಿಂದಿನ ದಿನ ಕೂತು ಕಲಿಸಿದ್ದನಂತೆ.

"ನಿನ್ನನ್ನೇ ಯಾಕೆ ಕರೆದ? ಊರಲ್ಲಿ ಇನ್ಯಾರೂ ಸಿಗಲಿಲ್ವಾ?" ಎಂದಳು ಮಿಷನಕ್ಕ.

"ಹೊರಗಿನವರನ್ನ ನಂಬೋಕಾಗಲ್ಲ, ಮನೆಯವರೇ ಆಗಬೇಕು ಅಂದ ಅತ್ತಿಗೆ. ಹೊರಗಿನವರಾದ್ರೆ ದುಡ್ಡೂ ಕೊಡಬೇಕಲ್ಲ."

ಮಿಷನಕ್ಕನಿಗೆ ಐದು ವರ್ಷದಲ್ಲಿ ಮೊದಲ ಸಲ ಗಂಡನ ಮೇಲೆ ಪ್ರೀತಿಯಂಥದ್ದೇನೋ ಉಕ್ಕಿತು. ಇಡೀ ಊರಿನಲ್ಲಿ ಬೇರೆ ಯಾವ ಗಂಡಸನ್ನು ಕಳಿಸಿದ್ದರೂ ಅವನು ಗೆದ್ದುಬಿಡುತ್ತಿದ್ದ. ಜಿಪುಣತನ ಅವನನ್ನು ಒಡಹುಟ್ಟಿದವನ ಹತ್ತಿರವೇ ಕರೆದುಕೊಂಡು ಹೋಗಿತ್ತು.

"ನ್ಯಾಯಾಲಯಕ್ಕೆ ಬಂದು ಇದನ್ನೇ ಹೇಳಬೇಕು" ಎಂದಳು.

ಮೈದುನನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಜೈಲಿಗೆ ಹಾಕ್ತಾರೆ ಅತ್ತಿಗೆ. ಅಲ್ದೆ, ಅವನು ನನ್ನ ಅಣ್ಣ. ಅಪ್ಪ ಸತ್ತಮೇಲೆ ನನಗೆ ಡ್ರೈವಿಂಗ್ ಕಲಿಸಿ ದಾರಿಗೆ ಹಚ್ಚಿದೋನು ಅವನೇ."

"ಹೌದು, ಕಲಿಸಿದ. ನಾನು ಅಲ್ಲ ಅನ್ನಲ್ಲ. ಇವತ್ತು ಆ ಅಣ್ಣನೇ ಜನರ ಮುಂದೆ ಎದೆ ಬಡ್ಕೊಂಡು ನಿನ್ನ ಹೆಸರು ಹೇಳಿದ. ನನಗೆ ಹೊಸ ಮಾತೇನೂ ಅಲ್ಲ ಅದು, ಐದು ವರ್ಷದಿಂದ ಹೊತ್ತಿದೀನಿ. ನಿನ್ನ ಹೆಂಡತಿ ಅರ್ಧ ಗಂಟೆ ಹೊತ್ತಳು, ಅವಳ ಮುಖ ನೋಡು. ಬಾಬಿನ್ ಎಷ್ಟು ವರ್ಷ ಹೊರಬೇಕು ಹೇಳು, ನಾನು ಹೋಗ್ತೀನಿ."

ಅವನು ಹೆಂಡತಿಯ ಮುಖ ನೋಡಿದ. ತಲೆ ಕೆರೆದುಕೊಂಡ, ಕೂದಲಿನಿಂದ ಹಿಟ್ಟು ಉದುರಿತು.

"ಎಷ್ಟು ಗಂಟೆಗೆ ಬರಬೇಕು?" ಎಂದ.

ಹದಿನೈದನೇ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ ತಮ್ಮ ಕಲ್ಲುಬೆಂಚಿನ ಮೇಲೆ ಕೂತಿರುವುದನ್ನು ಗ್ಯಾರಂಟಿ ದೂರದಿಂದಲೇ ಕಂಡ. ನಡಿಗೆ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಮಿಷನಕ್ಕನ ಪಕ್ಕ ಬಂದು ನಿಂತ; ದನಿಗೆ ಸಕ್ಕರೆ ಹಾಕಿ ಕಲಕಿ ತಂದಿದ್ದ.

"ಯಾಕೆ ಇದೆಲ್ಲ? ನಾವು ನಾವೇ ಮುಗಿಸ್ಕೊಳ್ಳೋಣ. ಒಂದು ದೊಡ್ಡ ಗಂಟು ಒಟ್ಟಿಗೆ ಕೊಡ್ತೀನಿ. ನೀನು ದಾವೆ ವಾಪಸ್ ತಗೋ. ಮಗು ಯಾರದ್ದು ಏನು ಅಂತ ಯಾರೂ ಬರೆಯೋದು ಬೇಡ. ಮೇಲಿಂದ ಒಂದು ಹಾಸಿಗೆ, ಸ್ಪ್ರಿಂಗಿಂದು."

"ಗಂಟು ಎಷ್ಟು ವರ್ಷಕ್ಕೆ ಬರತ್ತೆ?"

"ಜಾಣತನದಿಂದ ಖರ್ಚು ಮಾಡಿದ್ರೆ ಮೂರು ವರ್ಷ, ಗ್ಯಾರಂಟಿ."

"ಮೂರು ವರ್ಷ ಆದಮೇಲೆ ಅವಳು ಊಟ ಬಿಡ್ತಾಳಾ?"

"ನಿನ್ನ ಹತ್ತಿರ ಮಾತಾಡೋಕೆ ಆಗಲ್ಲ."

"ಆಗಲ್ಲ. ಒಳಗೆ ಬನ್ನಿ, ಅಲ್ಲಿ ಆಗತ್ತೆ" ಎಂದು ಅವಳು ಬಾಗಿಲು ದೂಡಿದಳು.

ಮೈದುನ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ್ದು ಐದೇ ನಿಮಿಷ. ಅಷ್ಟರಲ್ಲಿ ಒಂದು ಸಲವೂ ಗೇರ್ ಬಾಕ್ಸಿನ ಹೆಸರೆತ್ತಲಿಲ್ಲ. ಅವನ ಹೆಂಡತಿಗೆ ಅದೇ ದೊಡ್ಡ ಸಂಗತಿ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ಅವರು ದನಿ ಏರಿಸಲಿಲ್ಲ. ಪೆನ್ನು ಇಟ್ಟ ಸದ್ದಿಗೇ ಮೇಲಿನ ಫ್ಯಾನು ಒಂದು ಸುತ್ತು ತಪ್ಪಿತು. ಮೋಸದ ವಿಚಾರಣೆ ಅಣ್ಣ ತಮ್ಮ ಇಬ್ಬರ ಮೇಲೂ ಬೇರೆಯೇ ನಡೆಯುತ್ತದೆ, ತಾನಾಗಿ ಬಂದು ಹೇಳಿದವನಿಗೆ ಅದರ ಲಾಭ ಸಿಗುತ್ತದೆ ಎಂದರು. ಗ್ಯಾರಂಟಿಯ ಹೊಸ ರಕ್ತ ತೆಗೆಯುವಾಗ ನ್ಯಾಯಾಲಯದ ಅಧಿಕಾರಿಯೊಬ್ಬರು ಜೊತೆಗಿರಬೇಕು ಎಂದು ಬರೆಸಿದರು.

"ನಾನೂ ಇರಬಹುದಾ ಅಮ್ಮಾ?" ಎಂದಳು ಮಿಷನಕ್ಕ.

"ಇರಿ."

ಇದ್ದಳು. ಸೂಜಿ ಚರ್ಮಕ್ಕೆ ಹೋದದ್ದು, ರಕ್ತ ನಳಿಕೆಗೆ ಬಂದದ್ದು, ನಳಿಕೆಗೆ ಹೆಸರಿನ ಚೀಟಿ ಅಂಟಿಸಿದ್ದು, ಚೀಟಿಯ ಮೇಲೆ ಮುದ್ರೆ ಬಿದ್ದದ್ದು, ಪೆಟ್ಟಿಗೆಯ ಮುಚ್ಚಳ ಮುಚ್ಚಿದ್ದು, ಒಂದೊಂದನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಗ್ಯಾರಂಟಿಗೆ ಸೂಜಿ ಕಂಡು ತಲೆ ಸುತ್ತಲಿಲ್ಲ. ಸೂಜಿಗಿಂತ ಅವಳ ಕಣ್ಣೇ ಚುಚ್ಚಿತು ಎಂದು ಆಮೇಲೆ ಯಾರ ಹತ್ತಿರವೋ ಹೇಳಿಕೊಂಡನಂತೆ.

ಎರಡನೇ ವರದಿಯಲ್ಲಿ ಎರಡನೇ ಸಾಲು ಇರಲಿಲ್ಲ. ತಂದೆ ಇವನೇ ಎಂಬ ಮೊದಲನೆಯದೇ ಸಾಕಾಯಿತು.

ಆದೇಶ ಸಿದ್ಧವಾದ ದಿನ ವಕೀಲರು ಅದರ ಕರಡು ಪ್ರತಿಯನ್ನು ಮೊಗಸಾಲೆಯಲ್ಲಿ ಅವಳಿಗೆ ಓದಿ ಹೇಳಿದರು. ಅವರು ಬಹಳ ವರ್ಷಗಳ ಮೇಲೆ ನಗುತ್ತಿದ್ದರು. ಮುಖಕ್ಕೆ ಅಭ್ಯಾಸ ತಪ್ಪಿ ಒಂದು ಕೆನ್ನೆ ನಗುವುದು ಮುಗಿದಮೇಲೆ ಇನ್ನೊಂದು ಶುರುಮಾಡುತ್ತಿತ್ತು. ಎದುರುದಾರನು ಮಗುವಿಗೆ ಹದಿನೆಂಟು ತುಂಬುವವರೆಗೆ ಪ್ರತಿ ತಿಂಗಳು ಜೀವನಾಂಶ ಕೊಡತಕ್ಕದ್ದು. ಎದುರುದಾರನ ಸಂಬಳದಿಂದಲೇ ಅದನ್ನು ಮುರಿದುಕೊಳ್ಳತಕ್ಕದ್ದು. ತಾಯಿಗೆ ಏನಾದರೂ ಆದಲ್ಲಿ ಮಗುವಿನ ಪಾಲನೆಯ ಹೊಣೆ ಎದುರುದಾರನ ಮೇಲೆ...

"ನಿಲ್ಲಿಸಿ" ಎಂದಳು ಮಿಷನಕ್ಕ.

"ಏನಾಯ್ತು? ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಇದೆ ಇದರಲ್ಲಿ."

"ಎದುರುದಾರ ಅಂದ್ರೆ ಯಾರು?"

"ಅವನೇ ತಾಯಿ. ನಿನ್ನ ಗಂಡ."

"ನನಗೆ ಗೊತ್ತಾಯ್ತು. ನನ್ನ ಮಗಳು ಓದಿದಾಗ ಅವಳಿಗೆ ಗೊತ್ತಾಗತ್ತಾ? ಇಡೀ ಕಾಗದದಲ್ಲಿ ಅಪ್ಪ ಅನ್ನೋ ಮಾತೇ ಇಲ್ಲ."

ವಕೀಲರು ಕಾಗದ ತಿರುವಿದರು. "ಅದು ಬರೆಯೋ ಪದ್ಧತಿ. ಯಾವ ಹೆಸರಲ್ಲಿ ಬರೆದ್ರೂ ಅವನು ಕೊಡೋದು ಕೊಡಲೇಬೇಕು, ಒಂದು ಪೈಸೆ ವ್ಯತ್ಯಾಸ ಇಲ್ಲ. ಇಷ್ಟಕ್ಕೆ ಮತ್ತೆ ಒಳಗೆ ಹೋಗಿ ಕೇಳಿದ್ರೆ ನಗ್ತಾರೆ."

"ನಗಲಿ. ಎರಡು ಪರೀಕ್ಷೆ ಆಗಿದ್ದು ಯಾತಕ್ಕೆ? ದುಡ್ಡು ಮದುವೆ ಕಾಗದ ತೋರಿಸಿದ್ರೇ ಬರ್ತಿತ್ತು, ನೀವೇ ಮೊದಲ ದಿನ ಹೇಳಿದ್ರಿ. ಸುಮ್ಮನೆ ನನ್ನ ಮಗಳಿಗೆ ಸೂಜಿ ಚುಚ್ಚಿಸಿದ್ನಾ ನಾನು? ನೀವು ಕೇಳ್ತೀರೋ, ನಾನೇ ಕೇಳ್ಲೋ?"

ವಕೀಲರು ನಿಟ್ಟುಸಿರು ಬಿಟ್ಟು ಕೋಟು ಸರಿಮಾಡಿಕೊಂಡರು. ಅವಳೂ ಹಿಂದೆಯೇ ಹೋದಳು. ಬಾಬಿನ್ ಅವಳ ಹಿಂದೆ, ಒಂದು ಕಾಲಿನ ಮೇಲೆ ಕುಪ್ಪಳಿಸಿಕೊಂಡು.

ಒಳಗೆ ಯಾರೂ ನಗಲಿಲ್ಲ. ನ್ಯಾಯಾಧೀಶೆ ಕರಡನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು. ಗ್ಯಾರಂಟಿ ಎದ್ದು ಏನೋ ಹೇಳಲು ಹೊರಟ. ಅವನ ವಕೀಲರೇ ಅವನನ್ನು ತೋಳು ಹಿಡಿದು ಕೂರಿಸಿದರು. ನ್ಯಾಯಾಧೀಶೆ ಪೆನ್ನು ತೆಗೆದುಕೊಂಡು ಮೊದಲ ಸಾಲಿನ ಒಂದು ಪದವನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ಕೈಯಾರೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು. ಆಮೇಲೆ ಎರಡನೇ ಸಾಲು. ಆಮೇಲೆ ಮೂರನೆಯದು. ಒಟ್ಟು ಹನ್ನೊಂದು ಕಡೆ. ಅಷ್ಟು ಹೊತ್ತೂ ಕೋಣೆಯಲ್ಲಿ ಪೆನ್ನಿನ ಸದ್ದೊಂದೇ. ಮುಗಿಸಿ, ಕಾಗದವನ್ನು ಗುಮಾಸ್ತನ ಕೈಗೆ ಕೊಡದೆ, ಮೇಜಿನ ಮೇಲಿಂದ ನೇರ ಅವಳ ಕಡೆಗೆ ಚಾಚಿದರು.

"ಸರಿಯಾಗಿದೆಯಾ ನೋಡಿಕೊಳ್ಳಿ. ಆಮೇಲೆ ಟೈಪಿಗೆ ಕಳಿಸ್ತೀನಿ."

ಮಿಷನಕ್ಕ ಮೊದಲ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು, ಹಿಂದಿನ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಮಗುವಿನ ತಂದೆಯಾದ ಇವರು, ಮಗುವಿಗೆ ಹದಿನೆಂಟು ತುಂಬುವವರೆಗೆ..."

ಬಾಬಿನ್ ಕುಪ್ಪಳಿಸುವುದನ್ನು ನಿಲ್ಲಿಸಿದಳು. ಎರಡೂ ಕಾಲು ನೆಲಕ್ಕೆ ಊರಿ, ಅಮ್ಮನ ಬೆರಳು ಸಾಲಿನ ಕೊನೆ ಮುಟ್ಟುವವರೆಗೂ ಹಾಗೇ ನಿಂತಳು.